ಒರೆಸಿಟ್ಟ ಪೆನ್ನು

"ಇದನ್ನ ಒರೆಸಿದ್ದು ಯಾರು?"

ಮಣ್ಣು ಪರೀಕ್ಷೆಯ ಲ್ಯಾಬಿನಾಕೆ ಪೆನ್ನನ್ನು ಕಿಟಕಿಯ ಬೆಳಕಿಗೆ ಹಿಡಿದು ಕೇಳಿದಳು. ಬರೆಯುವ ಪೆನ್ನಲ್ಲ, ನೀರಿನ ಹುಳಿ ಅಳೆಯುವ ಪಿಎಚ್ ಪೆನ್ನು; ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಒಂದು ತುದಿಯಲ್ಲಿ ಅಂಕಿ ತೋರಿಸುವ ಪುಟ್ಟ ಪರದೆ, ಇನ್ನೊಂದು ತುದಿಯಲ್ಲಿ ಕಡಲೆಕಾಳಿನಷ್ಟು ಗಾಜಿನ ಗುಂಡು.

"ಯಾಕೆ, ಒರೆಸಬಾರದಾ?" ಎಂದೆ.

"ಈ ಗಾಜು ಯಾವಾಗ್ಲೂ ಒದ್ದೆಯಾಗಿರ್ಬೇಕು ಸಾರ್. ಅದಕ್ಕೇ ಮುಚ್ಚಳದೊಳಗೆ ಒಂಚೂರು ದ್ರಾವಣ ಹಾಕಿಡೋದು. ಯಾರೋ ಮಹಾನುಭಾವ್ರು ಆ ದ್ರಾವಣ ಚೆಲ್ಲಿ, ಮುಚ್ಚಳ ತೊಳೆದು, ಗಾಜನ್ನ ಬಟ್ಟೇಲಿ ಗಸಗಸ ಉಜ್ಜಿದಾರೆ. ನೋಡಿ, ನೂಲು ಬೇರೆ ಸಿಕ್ಕಿಕೊಂಡಿದೆ."

ಅವಳ ಚಿಮಟದ ತುದಿಯಲ್ಲಿ ಒಂದು ನೀಲಿ ಎಳೆ ಇತ್ತು. ಅದನ್ನು ನೋಡಿದ ಕೂಡಲೇ ನನ್ನ ಕಿವಿ ಬಿಸಿಯಾಯಿತು.

ಅವಳು ಪಿಎಚ್ ಸರಿಯಾಗಿ ಏಳು ಇರುವ ದ್ರಾವಣದಲ್ಲಿ ಪೆನ್ನನ್ನು ಅದ್ದಿದಳು. ಅಂಕಿ ಒಂದಷ್ಟು ಹೊತ್ತು ಓಲಾಡಿ ಒಂಬತ್ತಕ್ಕೆ ಬಂದು ನಿಂತಿತು.

"ಎರಡು ಹೆಚ್ಚು ತೋರಿಸ್ತಿದೆ. ಇದನ್ನ ನಂಬಿದವರು ನೀರಲ್ಲಿ ಹುಳಿ ಸಾಲದು ಅಂದ್ಕೊಂಡು ಆಸಿಡ್ ಹಾಕ್ತಾನೇ ಹೋಗ್ತಾರೆ, ಪಾಪ." ಅವಳು ಕಾಗದದ ಮೇಲೆ ಏನೋ ಲೆಕ್ಕ ಹಾಕಿದಳು. "ಆದ್ರೂ ಒಂದು ಹೊಂದ್ತಾ ಇಲ್ಲ ಸಾರ್. ಇದನ್ನ ನಂಬಿ ಆರೂವರೆಗೆ ತಂದಿದ್ರೆ ನಿಜವಾಗ್ಲೂ ಇರ್ಬೇಕಾದ್ದು ನಾಲ್ಕೂವರೆ. ನಿಂಬೆ ಕುಂಡಗಳ ಹತ್ರದಿಂದ ನೀವು ತಂದ ಡ್ರಮ್ಮಿನ ನೀರಲ್ಲಿ ಮೂರಿದೆ. ನಾಲ್ಕೂವರೆಗೆ ನಿಂಬೆ ಸೊರಗುತ್ತೆ, ಇಷ್ಟು ಬೇಗ ಸಾಯಲ್ಲ."

ಅವಳ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ನನ್ನ ತಲೆಯಲ್ಲಿ ಆ ನೀಲಿ ಎಳೆ ಮಾತ್ರ ಇತ್ತು.

"ಯಾರು ಸಾರ್ ಅದು, ಒರೆಸಿದ ಮಹಾನುಭಾವ್ರು?"

"ಯಾರೋ ಗೊತ್ತಿಲ್ಲದವರು," ಎಂದೆ.

ಇಪ್ಪತ್ತೆಂಟು ವರ್ಷ ಪೊಲೀಸ್ ಇಲಾಖೆಯಲ್ಲಿ ಕಳ್ಳರ ಮುಖದ ಮೇಲಿನ ಸುಳ್ಳನ್ನು ಓದಿ ಸಂಬಳ ತಿಂದವನು ನಾನು. ಆ ಹೊತ್ತಿಗೆ ಲ್ಯಾಬಿನ ಗೋಡೆಯಲ್ಲಿ ಕನ್ನಡಿ ಇಲ್ಲದಿದ್ದುದೇ ಪುಣ್ಯ.

ಒರೆಸಿದ ಮಹಾನುಭಾವ ನಾನೇ.

* * *

ಮೂರು ದಿನದ ಹಿಂದೆ, ನರ್ಸರಿಯ ಅಂಗಳದಲ್ಲಿ ಕೆಲಸದವರನ್ನೆಲ್ಲ ಸಾಲಾಗಿ ನಿಲ್ಲಿಸಿ, ನಲವತ್ತೊಂದು ಕುಂಡದ ನಿಂಬೆಗಿಡಗಳನ್ನು ಕೊಂದವನು ಇವನೇ ಎಂದು ನಾನು ಬೆರಳು ತೋರಿಸಿದ್ದು ಆರೂವರೆ ಮಾವನ ಕಡೆಗೆ.

ಮಾವನ ನಿಜವಾದ ಹೆಸರು ಅಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಮೂವತ್ತೊಂದು ವರ್ಷದಿಂದ ಅವರು ಗೊಬ್ಬರದ ನೀರನ್ನು ಆರೂವರೆ ಪಿಎಚ್‌ಗೆ ತಂದೇ ಕುಂಡಕ್ಕೆ ಬಿಡುವವರು. ಆರು ಪಾಯಿಂಟ್ ಎಂಟಾದರೂ ಒಪ್ಪರು, ಆರು ಪಾಯಿಂಟ್ ಮೂರಾದರೂ ಒಪ್ಪರು. ಹೆಸರು ಆರೂವರೆ, ಕೆಲಸಕ್ಕೆ ಬರುವುದು ಏಳಕ್ಕೆ ಎಂದು ಹೆಣ್ಣಾಳುಗಳು ರೇಗಿಸುತ್ತಿದ್ದರು.

ಅಂಥವರ ಚೀಲವನ್ನು ಎಲ್ಲರೆದುರು ನೆಲಕ್ಕೆ ಸುರಿಸಿದೆ. ಚೀಲದಲ್ಲಿದ್ದದ್ದು ಊಟದ ಡಬ್ಬಿ, ಓದುವ ಕನ್ನಡಕ, ಒಂದು ಜೊತೆ ಹರಿದ ಕೈಗವಸು. "ಡ್ರಮ್ಮಿಗೆ ಬೆರೆಸಿದ್ದು ನೀನೇ ತಾನೇ?" ಎಂದು ಕೇಳಿದೆ. ನನಗಿಂತ ಹನ್ನೆರಡು ವರ್ಷ ದೊಡ್ಡವರನ್ನು ನೀನು ಎಂದೆ.

"ಹೌದು, ಬೆರೆಸಿದ್ದು ನಾನೇ," ಎಂದರು ಅವರು.

ನಾನು ಅದನ್ನೇ ತಪ್ಪೊಪ್ಪಿಗೆ ಎಂದು ಬರೆದುಕೊಂಡೆ.

ಈಗ ನಾನು ಒರೆಸಿದ ಕತೆ. ಅದಕ್ಕೂ ಐದು ವಾರ ಮೊದಲು, ಕಸಿ ಕಟ್ಟುವ ಚಾಕುಗಳು ಕಾಣೆಯಾಗಿವೆ ಎಂದು ನಿವೃತ್ತಿಯ ಮೇಲೆ ಖಾಸಗಿ ತನಿಖೆ ಮಾಡಿಕೊಂಡಿದ್ದ ನನ್ನನ್ನು ನರ್ಸರಿಯವರು ಮೊದಲ ಸಲ ಕರೆಸಿದ್ದರು. ನರ್ಸರಿ ಇಬ್ಬರು ಅಕ್ಕತಂಗಿಯರದು. ಕೆಲಸದವರ ಬಾಯಲ್ಲಿ ಅವರು ದೊಡ್ಡಕ್ಕ, ಚಿಕ್ಕಕ್ಕ. ದೊಡ್ಡಕ್ಕ ನನ್ನನ್ನು ಗೊಬ್ಬರದ ಶೆಡ್ಡಿಗೆ ಕರೆದುಕೊಂಡು ಹೋಗಿ ಎಲ್ಲ ತೋರಿಸಿದರು. ನಾನು ಈ ಪೆನ್ನನ್ನು ಕೈಗೆತ್ತಿಕೊಂಡೆ. ಮುಚ್ಚಳ ತೆಗೆದಾಗ ಎರಡು ಹನಿ ನನ್ನ ತೋಳಿನ ಮೇಲೆ ಬಿತ್ತು. ಸಾಮಾನನ್ನು ಹೀಗೆ ನೀರು ಸೋರುವಂತೆ ಇಡುತ್ತಾರೆಯೇ ಎಂದುಕೊಂಡು ಮುಚ್ಚಳದಲ್ಲಿದ್ದದ್ದನ್ನು ಚೆಲ್ಲಿದೆ, ಮುಚ್ಚಳವನ್ನು ನಲ್ಲಿಯಲ್ಲಿ ತೊಳೆದೆ, ದೊಡ್ಡಕ್ಕ ಕೊಟ್ಟ ನೀಲಿ ಚೌಕಳಿಯ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಪೆಟ್ಟಿಗೆಯಲ್ಲಿ ಶಿಸ್ತಾಗಿ ಇಟ್ಟೆ.

ನಾನು ಅಡಿಗೆಮನೆಗೆ ಕಾಲಿಟ್ಟರೆ ಏನಾದರೊಂದನ್ನು ನೀಟು ಮಾಡಿ ಕೆಡಿಸದೆ ಹೊರಗೆ ಬರುವುದಿಲ್ಲ ಎಂದು ನನ್ನ ಹೆಂಡತಿ ಯಾವಾಗಲೂ ಹೇಳುತ್ತಾಳೆ. ನಾನು ನಗುತ್ತಿದ್ದೆ. ಇನ್ನು ನಗಲಾರೆ.

ಕಿಸೆಯಲ್ಲಿ ನನ್ನ ವರದಿ ಇತ್ತು, ಎರಡು ಪುಟ. ನಾಳೆ ಬೆಳಿಗ್ಗೆ ಹತ್ತಕ್ಕೆ ಅದಕ್ಕೆ ಸಹಿ ಹಾಕಿ ದೊಡ್ಡಕ್ಕನಿಗೆ ಕೊಡಬೇಕು. ಅವರು ಅದನ್ನು ಪೊಲೀಸರಿಗೆ ಕೊಡುತ್ತಾರೆ. ಆಮೇಲೆ ಆರೂವರೆ ಮಾವ ಸ್ಟೇಷನ್ನಿನ ಬೆಂಚಿನ ಮೇಲೆ ಕೂರುತ್ತಾರೆ. ಆ ಬೆಂಚು ಹೇಗಿರುತ್ತದೆಂದು ನನಗೆ ಚೆನ್ನಾಗಿ ಗೊತ್ತು.

ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಲ್ಯಾಬಿನ ಮೆಟ್ಟಿಲು ಇಳಿಯುವಾಗ ಹೀಗೊಂದು ಯೋಚನೆ ಬಂದದ್ದನ್ನು ಮುಚ್ಚಿಡುವುದಿಲ್ಲ. ಕೊನೆಯ ಮೆಟ್ಟಿಲವರೆಗೂ ಅದು ನನ್ನ ಜೊತೆಗೇ ಇಳಿಯಿತು.

* * *

ಮಾವನ ಮನೆ ಎರಡು ಕೋಣೆಯದು, ಹಿಂದೆ ಸಣ್ಣ ಅಂಗಳ. ಬಾಗಿಲು ತೆಗೆದ ಮಗಳು ನನ್ನನ್ನು ಗುರುತು ಹಿಡಿದಳು. ಬನ್ನಿ ಎನ್ನಲಿಲ್ಲ. ಬಾಗಿಲನ್ನು ಹಾಗೇ ಬಿಟ್ಟು ಒಳಗೆ ಹೋದಳು.

ಅಂಗಳದಲ್ಲಿ ಮಾವ ಮಣೆ ಹಾಕಿಕೊಂಡು ಬಕೆಟ್ಟಿನ ಮುಂದೆ ಕೂತಿದ್ದರು. ಗೋಡೆಯುದ್ದಕ್ಕೂ ಏಳೆಂಟು ಕುಂಡ. ಕೆಲಸ ಹೋದ ಮೂರನೇ ದಿನವೂ ಆ ಮನುಷ್ಯ ಗೊಬ್ಬರ ಬೆರೆಸುತ್ತಿದ್ದರು.

"ಕೂತ್ಕೊಳ್ಳಿ ಸಾಹೇಬ್ರೆ. ಬೆರೆಸಕ್ಕೆ ಶುರು ಮಾಡಿಬಿಟ್ಟಿದೀನಿ, ಮಧ್ಯ ಬಿಡೋ ಹಾಗಿಲ್ಲ."

ನಾನು ನಿಂತೇ ಇದ್ದೆ. ಅವರು ಎ ಎಂದು ಬರೆದಿದ್ದ ಗೊಬ್ಬರದ ಬಾಟಲಿಯಿಂದ ಒಂದು ಮುಚ್ಚಳ ಅಳೆದು ನೀರಿಗೆ ಹಾಕಿದರು, ಕೋಲಿನಿಂದ ಚೆನ್ನಾಗಿ ತಿರುಗಿಸಿದರು. ಮುಚ್ಚಳವನ್ನು ತೊಳೆದು ಒರೆಸಿ, ಬಿ ಬಾಟಲಿಯಿಂದ ಅಷ್ಟೇ ಅಳೆದು ಹಾಕಿದರು.

"ಎರಡನ್ನೂ ಒಟ್ಟಿಗೇ ಸುರಿದ್ರೆ ಆಗಲ್ವಾ?" ಎಂದು ಕೇಳಿದೆ. ಹೇಳಬೇಕಾದದ್ದನ್ನು ಮುಂದೂಡಲು ಯಾವ ಪ್ರಶ್ನೆಯಾದರೂ ಸಾಕಾಗಿತ್ತು.

"ನೀರಿಲ್ದೆ ಅವೆರಡೂ ಸೇರಿದ್ರೆ ಮೊಸರು ಒಡೆದ ಹಾಗೆ ತಳಕ್ಕೆ ಕೂತ್ಬಿಡ್ತವೆ. ಗಿಡಕ್ಕೆ ಏನೂ ಸಿಗಲ್ಲ." ಅವರು ಇನ್ನೊಮ್ಮೆ ತಿರುಗಿಸಿದರು. "ಎಲ್ಲಾ ಬೆರೆತ ಮೇಲೇನೇ ಪಿಎಚ್ ನೋಡೋದು. ಗೊಬ್ಬರ ಹಾಕಿದ್ರೇನೇ ನೀರು ಹುಳಿಗೆ ತಿರುಗುತ್ತೆ. ಹೊಸಬ್ರು ಮೊದ್ಲೇ ಅಳೆದು ಆಸಿಡ್ ಹಾಕ್ಬಿಡ್ತಾರೆ, ಆಮೇಲೆ ಗೊಬ್ಬರಾನೂ ಸೇರಿ ಬೇರು ಸುಟ್ಟು ಹೋಗುತ್ತೆ."

ಒಂದು ಸಣ್ಣ ಗಾಜಿನ ನಳಿಕೆಗೆ ನೀರು ತುಂಬಿ, ಬಣ್ಣದ ದ್ರವದ ಮೂರು ಹನಿ ಬಿಟ್ಟು, ಮಾವ ಬೆಳಕಿಗೆ ಹಿಡಿದರು. ನೀರು ಹಸಿರಿಗೆ ತಿರುಗಿತು. ಆಸಿಡ್ಡಿನ ಎರಡೇ ಹನಿ ಬಕೆಟ್ಟಿಗೆ ಬಿಟ್ಟು, ತಿರುಗಿಸಿ, ಮತ್ತೆ ನೋಡಿದರು. ಹಸಿರಿನೊಳಗೆ ಹಳದಿ ಬೆರೆತು ನಿಂತಿತು. ಆ ಕೈ ಒಂದಿಷ್ಟೂ ನಡುಗಲಿಲ್ಲ.

ಇನ್ನು ತಡೆಯಲಾಗಲಿಲ್ಲ. ಪೆನ್ನನ್ನು ತೆಗೆದು ಮಣೆಯ ಪಕ್ಕದಲ್ಲಿಟ್ಟೆ.

"ಮಾವ, ನಿಂಬೆಗಿಡ ಕೊಂದಿದ್ದು ನೀವಲ್ಲ. ನಾನು."

ಅವರು ತಲೆ ಎತ್ತಲಿಲ್ಲ.

"ಐದು ವಾರದ ಹಿಂದೆ ನಾನು ಈ ಪೆನ್ನಿನ ಮೂತಿ ಒರೆಸಿ ಒಣಗಿಸಿಟ್ಟೆ. ಅದು ಎರಡು ಹೆಚ್ಚು ತೋರಿಸ್ತಾ ಇತ್ತು. ನೀವು ಅದನ್ನ ನಂಬಿ ಆಸಿಡ್ ಹಾಕಿದ್ರಿ. ನಾನು ಮಾಡಿದ ತಪ್ಪಿಗೆ ನಿಮ್ಮನ್ನ ಎಲ್ಲರೆದುರು ನಿಲ್ಲಿಸಿದೆ. ನೀನು ಅಂದೆ. ಚೀಲ ಸುರಿಸಿದೆ. ನನಗೆ ನಾಚಿಕೆಯಾಗ್ತಿದೆ. ಕ್ಷಮಿಸಿ ಅನ್ನಕ್ಕೂ ನಾಚಿಕೆ."

ಒಳಗೆ ಪಾತ್ರೆಗಳ ಸದ್ದು ನಿಂತಿತು. ಮಗಳು ಕೇಳಿಸಿಕೊಳ್ಳುತ್ತಿದ್ದಳು.

ಮಾವ ಬಕೆಟ್ಟಿನ ನೀರನ್ನೇ ನೋಡುತ್ತ ಹೇಳಿದರು. "ನೀವು ಒರೆಸಿದ್ದು ನಂಗೊತ್ತು ಸಾಹೇಬ್ರೆ. ಅವತ್ತು ಸಂಜೇನೇ ಗೊತ್ತಾಯ್ತು."

"ಅವತ್ತೇನಾ?"

"ಮುಚ್ಚಳ ಫಳಫಳ ಹೊಳೀತಿತ್ತು. ನಮ್ಮ ಶೆಡ್ಡಲ್ಲಿ ಅಷ್ಟು ಶುಭ್ರ ಮಾಡೋರು ಯಾರೂ ಇಲ್ಲ." ಅವರ ಮುಖದಲ್ಲಿ ನಗುವಿನಂಥದ್ದೇನೋ ಬಂದು ಹೋಯಿತು. "ಯಾರ ಹತ್ರಾನೂ ಹೇಳ್ಲಿಲ್ಲ. ಬಂದೋರ ಮೇಲೆ ದೂರು ಹೇಳೋದು ಸರಿ ಕಾಣ್ಲಿಲ್ಲ. ಪೆನ್ನು ಒಣಗಿದೆ ಅಂತ ಅಷ್ಟೇ ಹೇಳಿ ಹೊಸದು ಇಸ್ಕೊಂಡೆ."

ನೆಲ ಬಾಯಿ ಬಿಟ್ಟರೆ ಇಳಿದು ಹೋಗುತ್ತಿದ್ದೆ. ನನ್ನ ಹೆಸರನ್ನು ಈ ಮನುಷ್ಯ ಒಬ್ಬರೆದುರೂ ಆಡಿರಲಿಲ್ಲ. ಇವರ ಹೆಸರನ್ನು ನಾನು ಅಂಗಳದ ತುಂಬ ಕೂಗಿದ್ದೆ.

ಆ ನಾಚಿಕೆಯಲ್ಲಿ ಅವರ ಕೊನೆಯ ಮಾತು ನನಗೆ ತಡವಾಗಿ ತಲುಪಿತು.

"ಹೊಸದಾ? ಹೊಸದು ಇಸ್ಕೊಂಡ್ರಾ?"

"ಹೂಂ. ನಮ್ಮಲ್ಲಿ ಹಳೇದು ಕೊಟ್ರೇನೇ ಹೊಸದು ಕೊಡೋದು. ಅಕ್ಕಂದಿರ ಅಪ್ಪ, ಯಜಮಾನ್ರ ಕಾಲದಿಂದ್ಲೂ ಹಂಗೇ. ಚಾಕು ಆಗ್ಲಿ, ಗವಸು ಆಗ್ಲಿ, ಪೆನ್ನಾಗ್ಲಿ."

"ಹಾಗಾದ್ರೆ ಇದು ಯಾವುದು?"

ಮಾವ ಕೈಯನ್ನು ಪಂಚೆಗೆ ಒರೆಸಿಕೊಂಡು ಪೆನ್ನನ್ನು ತೆಗೆದುಕೊಂಡರು. ಬ್ಯಾಟರಿ ಮುಚ್ಚಳವನ್ನು ಉಗುರಿನಿಂದ ತಿರುಗಿಸಿ ತೆಗೆದು, ಅದರ ಒಳಮೈಯನ್ನು ನನ್ನ ಕಡೆಗೆ ಹಿಡಿದರು. ಸೂಜಿಯಿಂದ ಗೀರಿದ ಒಂದು ತಾರೀಕು ಇತ್ತು, ಎರಡು ವರ್ಷದ ಹಿಂದಿನದು.

"ಪೆನ್ನು ಕೈಗೆ ಬಂದ ದಿನ ನಾನೇ ಗೀರ್ತೀನಿ, ಎಷ್ಟು ದಿನ ಬಾಳಿಕೆ ಬಂತು ಅಂತ ಗೊತ್ತಾಗ್ಲಿ ಅಂತ. ಇದು ನೀವು ಒರೆಸಿದ ಹಳೇದು. ಹೊಸದ್ರಲ್ಲಿ ಐದು ವಾರದ ಹಿಂದಿನ ತಾರೀಕಿರ್ಬೇಕು." ಅವರ ಹುಬ್ಬು ಗಂಟಾಯಿತು. "ಇದು ನಿಮ್ಮ ಕೈಗೆ ಹೆಂಗೆ ಬಂತು?"

"ಶೆಡ್ಡಿನ ಪೆಟ್ಟಿಗೆಯಲ್ಲಿತ್ತು."

"ಇರಕ್ಕೆ ಸಾಧ್ಯಾನೇ ಇಲ್ಲ. ನೀವು ನನ್ನ ನಿಲ್ಲಿಸಿದ ದಿನ ಬೆಳಿಗ್ಗೇನೂ ಹೊಸದ್ರಲ್ಲೇ ಅಳೆದೆ. ಆರೂವರೆ ಬಂತು. ಪ್ರತಿ ಸೋಮವಾರ ಅದನ್ನ ಏಳರ ದ್ರಾವಣದಲ್ಲಿ, ನಾಕರ ದ್ರಾವಣದಲ್ಲಿ ಅದ್ದಿ ಸರಿ ನೋಡ್ಕೊಳ್ತಿದ್ದೆ."

ಲ್ಯಾಬಿನಾಕೆಯ ಲೆಕ್ಕ ಆಗ ನನ್ನ ತಲೆಗೆ ಹೋಯಿತು. ನಾಲ್ಕೂವರೆ ಇರಬೇಕಾದ ಕಡೆ ಮೂರು. ಪೆನ್ನು ಕೆಟ್ಟದ್ದರಿಂದ ಆದದ್ದಲ್ಲ ಅದು. ಅಳೆದ ಮೇಲೆ ಯಾರೋ ಡ್ರಮ್ಮಿಗೆ ಆಸಿಡ್ ಸುರಿದಿದ್ದರು.

"ಬೆರೆಸಿದ ಮೇಲೆ ಡ್ರಮ್ಮು ಎಲ್ಲಿಗೆ ಹೋಗುತ್ತೆ ಮಾವ?"

"ಸಂಜೆ ನಿಂಬೆ ಕುಂಡ ಇಟ್ಟಿರೋ ನಿಂಬೆ ಮನೆಗೆ ತಳ್ತೀವಿ. ಬೆಳಿಗ್ಗೆ ಕುಂಡಕ್ಕೆ ಹಾಕ್ತಾರೆ. ನಡುವೆ ಬೀಗ ಹಾಕಿರುತ್ತೆ."

"ಬೀಗದ ಕೈ?"

"ಅಕ್ಕಂದಿರ ಹತ್ರ."

"ಇದನ್ನೆಲ್ಲ ಅವತ್ತು ಅಂಗಳದಲ್ಲಿ ಯಾಕೆ ಹೇಳ್ಲಿಲ್ಲ ನೀವು?"

ಮಾವ ಮೊದಲ ಸಲ ನನ್ನ ಮುಖ ನೋಡಿದರು. "ನೀವು ಕೇಳಿದ್ದು ಬೆರೆಸಿದ್ದು ನೀನೇನಾ ಅಂತ. ಬೆರೆಸಿದ್ದು ನಾನೇ. ಎಲೆ ಉದುರಕ್ಕೆ ಶುರುವಾದಾಗ ಶೆಡ್ಡಲ್ಲಿ ಹತ್ತು ಸಲ ಅಳೆದೆ. ನಿಂಬೆ ಮನೆಗೆ ಹೋಗಿ ಒಂದೇ ಒಂದು ಸಲ ಅಳೀಲಿಲ್ಲ. ನಾನು ಬೆರೆಸಿದ ನೀರನ್ನ ಮತ್ತೆ ಅಳೆಯೋದೇನಿದೆ ಅಂತ ಜಂಬ. ನಲವತ್ತೊಂದು ಗಿಡ ಸಾಹೇಬ್ರೆ. ಚಿಕ್ಕಕ್ಕ ಆರು ವರ್ಷ ಕೂಸಿನ ಥರ ನೋಡ್ಕೊಂಡಿದ್ಲು. ಯಾವ ಮುಖ ಇಟ್ಕೊಂಡು ನಂದಲ್ಲ ಅನ್ಲಿ?"

ನಾಚಿಕೆ ಪಡಬೇಕಾದವನು ಒಬ್ಬ, ಪಡುತ್ತಿದ್ದವರು ಇಬ್ಬರು.

ಮಾರೋಣ ಎಂದು ದೊಡ್ಡಕ್ಕ ಎಷ್ಟು ಹೇಳಿದರೂ, ಈ ನಲವತ್ತೊಂದು ನಿಂಬೆಗಾಗಿಯೇ ಚಿಕ್ಕಕ್ಕ ನರ್ಸರಿಯ ಜಾಗ ಮಾರಲು ಒಪ್ಪಿರಲಿಲ್ಲ. ಮೊನ್ನೆ, ಸತ್ತ ಗಿಡಗಳನ್ನು ಕಿತ್ತು ರಾಶಿ ಹಾಕಿದ ಮೇಲೆ, ಅಕ್ಕ ಹೇಳಿದ ಹಾಗೆ ಆಗಲಿ ಎಂದಿದ್ದಳು. ನಾನು ಪಕ್ಕದಲ್ಲೇ ನಿಂತು, ಪಾಪ ಎಂದುಕೊಂಡಿದ್ದೆ.

"ಮಾವ, ಆ ಹಳೇ ಪೆನ್ನನ್ನ ನೀವು ಯಾರ ಕೈಗೆ ಕೊಟ್ರಿ?"

"ದೊಡ್ಡಕ್ಕನ ಕೈಗೆ. ಉಗ್ರಾಣ ಅವರದ್ದೇ ಅಲ್ವಾ?"

ಮೂರು ದಿನದ ಹಿಂದೆ, ಶೆಡ್ಡಿನಿಂದ ಪೆಟ್ಟಿಗೆಯನ್ನು ನನ್ನ ಕೈಗೆ ತಂದು ಕೊಟ್ಟದ್ದೂ ದೊಡ್ಡಕ್ಕನೇ. ನಾನು ತೆಗೆದೂ ನೋಡದೆ ಸೀಲು ಮಾಡಿದ್ದೆ.

"ಅವರಿಗೆ ಗೊತ್ತಿರ್ಲಿಲ್ವಾ ಮಾವ, ಮೂತಿ ಒಣಗಬಾರದು ಅಂತ?"

"ದೊಡ್ಡಕ್ಕಂಗಾ?" ಮಾವ ಇಂಥ ಪ್ರಶ್ನೆ ಯಾರಾದರೂ ಕೇಳುತ್ತಾರೆಯೇ ಎಂಬಂತೆ ನೋಡಿದರು. "ಆಗೆಲ್ಲಾ ಪೆನ್ನಿರ್ಲಿಲ್ಲ, ದೊಡ್ಡ ಡಬ್ಬಿ ಮೀಟ್ರು. ಮೂತಿ ಮಾತ್ರ ಇದೇ ಗಾಜು. ದಿನಾ ಸಂಜೆ ಅದಕ್ಕೆ ದ್ರಾವಣ ಹಾಕಿ ಮುಚ್ಚೋ ಕೆಲಸ ದೊಡ್ಡಕ್ಕಂದು. ಹತ್ತು ವರ್ಷದ ಹುಡುಗಿ. ಒಂದು ದಿನ ಮರೆತಳು ಅಂತ ಯಜಮಾನ್ರು ಅವಳ ಹತ್ರ ಒಂದು ವಾರ ಮಾತಾಡಿರ್ಲಿಲ್ಲ."

ಶೆಡ್ಡಿನ ಆ ಮಧ್ಯಾಹ್ನ ನನಗೆ ಮತ್ತೆ ಕಂಡಿತು. ತೋಳಿನ ಮೇಲೆ ಎರಡು ಹನಿ. ಮುಚ್ಚಳ ಹಿಡಿದು ಏನು ಮಾಡಲಿ ಎಂದು ನಿಂತ ನಾನು. ನೀಲಿ ಚೌಕಳಿಯ ಬಟ್ಟೆ ಚಾಚಿದ ಕೈ, ಮೆತ್ತಗಿನ ದನಿ: "ಹಂಗೆ ಹಸಿ ಇಡಬೇಡಿ ಸಾರ್. ಚೆನ್ನಾಗಿ ಒರೆಸಿಡಿ."

ಅಂದೇ ನನ್ನನ್ನು ಅಳೆದಿದ್ದರು ದೊಡ್ಡಕ್ಕ. ಎಂದಾದರೂ ನಾನು ಪೆನ್ನಿನವರೆಗೆ ಬಂದರೆ ಅಲ್ಲಿ ನನ್ನದೇ ಬೆರಳು ಕಾಣಬೇಕು. ಕಂಡ ಮೇಲೆ ನಾಚಿಕೆಯಿಂದ ಬಾಯಿ ಮುಚ್ಚಿಕೊಳ್ಳಬೇಕು. ಲ್ಯಾಬಿನಲ್ಲಿ ನಾನು ಮಾಡಿದ್ದೂ ಅದನ್ನೇ.

ಕಿಸೆಯಲ್ಲಿ ಫೋನು ರಿಂಗಾಯಿತು. ದೊಡ್ಡಕ್ಕ.

"ಸಾರ್, ಪೆನ್ನು ನೋಡಿದ್ವಿ ಅಂತ ಲ್ಯಾಬಿನಿಂದ ಫೋನ್ ಬಂದಿತ್ತು. ನೀವು ಮನಸ್ಸಿಗೆ ಹಚ್ಕೋಬೇಡಿ." ದನಿ ಅಂದಿನಷ್ಟೇ ಮೆತ್ತಗಿತ್ತು. "ಅವತ್ತು ನೀವು ಒರೆಸಿದ್ದನ್ನ ನೋಡಿದ್ದು ನಾನೊಬ್ಳೇ. ಯಾರಿಗೂ ಹೇಳಿಲ್ಲ, ಹೇಳೋದೂ ಇಲ್ಲ. ಇಷ್ಟು ವರ್ಷದ ಹೆಸರು ನಿಮ್ದು, ಅದು ಹಾಳಾಗೋದು ನಂಗಿಷ್ಟ ಇಲ್ಲ."

ನಾನು ಮಾವನ ಕೈಯಿಂದ ಪೆನ್ನನ್ನು ತೆಗೆದುಕೊಂಡೆ.

"ಪೊಲೀಸಿನವರು ಇಲ್ಲೇ ಬಂದು ಕೂತಿದಾರೆ. ನಾಳೆವರೆಗೂ ಯಾಕೆ ಕಾಯೋದು? ವರದಿ ತಂದು ಒಂದು ಸಹಿ ಹಾಕಿಬಿಡಿ, ಮುಗೀತು. ಹಾಂ, ಆ ಪೆನ್ನೂ ತನ್ನಿ. ನನ್ನ ಹತ್ರಾನೇ ಇರ್ಲಿ."

"ಬರ್ತೀನಿ," ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಫೋನಿನೊಳಗಿನ ಮಾತು ಆ ಸಣ್ಣ ಅಂಗಳಕ್ಕೆಲ್ಲ ಕೇಳಿಸಿತ್ತು. ಮಾವ ಉಳಿದ ನೀರನ್ನು ಕುಂಡಗಳಿಗೆ ಒಂದೊಂದಾಗಿ ಸುರಿದು ಮುಗಿಸಿದರು. ಬಕೆಟ್ಟನ್ನು ತೊಳೆದು ಕವುಚಿ ಹಾಕಿದರು. ಹಗ್ಗದ ಮೇಲಿದ್ದ ಅಂಗಿಯನ್ನು ತೆಗೆದುಕೊಂಡು ತೊಟ್ಟರು. ಮಗಳು ಬಾಗಿಲಲ್ಲಿ ಬಂದು ನಿಂತಿದ್ದಳು, ಅವಳ ಕೈಯಲ್ಲಿ ಅಪ್ಪನ ಕನ್ನಡಕ ಇತ್ತು.

"ನಾನು ನಿಮ್ಮ ಜೊತೆಗೇ ಬರ್ಲಾ ಸಾಹೇಬ್ರೆ," ಎಂದು ಮಾವ ಕೇಳಿದರು, "ಇಲ್ಲ, ಪೊಲೀಸಿನವರೇ ಇಲ್ಲಿಗೆ ಬರ್ತಾರಾ? ಬೀದಿಯವರೆಲ್ಲ ನೋಡೋ ಹಾಗೆ ಬರೋದು ಬೇಡ ಅಂತ ಅಷ್ಟೇ."

ಆಸಿಡ್ಡಿನ ಹನಿ ಬಿಡುವಾಗ ನಡುಗದ ಆ ಬೆರಳುಗಳಿಗೆ ಈಗ ಅಂಗಿಯ ಗುಂಡಿ ಸಿಗುತ್ತಿರಲಿಲ್ಲ.

ನಾನು ಕಿಸೆಗೆ ಕೈ ಹಾಕಿದೆ. ವರದಿ ಅಲ್ಲಿಯೇ ಇತ್ತು. ಎರಡು ಪುಟದಲ್ಲಿ ಅವರ ಹೆಸರು ಹನ್ನೊಂದು ಸಲ ಬಂದಿತ್ತು, ನನ್ನದು ಒಂದು ಸಲವೂ ಇರಲಿಲ್ಲ.